ನೆರಳಿನ ಮರ, ನೀರಿನ ಹೂವು

ಮೇ ತಿಂಗಳ ಕೊನೆಯ ವಾರಗಳಲ್ಲಿ ಮಲೆನಾಡಿನ ನರ್ಸರಿಗಳ ಮುಂದೆ ಜೀಪು, ಪಿಕಪ್‌ಗಳು ಸಾಲುಗಟ್ಟುತ್ತವೆ. ಮುಂಗಾರು ಹಿಡಿಯುವ ಮೊದಲೇ ಗುಂಡಿ ತೋಡಿಸಿ, ನಾಲ್ಕು ಮಳೆ ಬಿದ್ದೊಡನೆ ಗಿಡ ನೆಟ್ಟು ಮುಗಿಸಬೇಕೆಂಬ ಆತುರ ಬೆಳೆಗಾರರದು. ಒಂದು ಬದಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಸಿಲ್ವರ್ ಓಕ್ ಸಸಿಗಳು. ಇನ್ನೊಂದು ಬದಿಯಲ್ಲಿ, ಮನೆಯ ಮುಂದಿನ ಕೊಳಕ್ಕೆ ಅಂದ ತರಲೆಂದು ಸಿಮೆಂಟ್ ತೊಟ್ಟಿಯಲ್ಲಿ ತೇಲಿಬಿಟ್ಟ ನಸುನೇರಳೆ ಹೂವಿನ ಜಲಸಸ್ಯ. ಒಂದು ನೆರಳಿಗೆ, ಇನ್ನೊಂದು ಅಲಂಕಾರಕ್ಕೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವ ಪರಿಪಾಠ ಇಲ್ಲ. ಆದರೆ ಎರಡೂ ಒಂದೇ ತೋಟಕ್ಕೆ ಹೋಗುತ್ತವೆ, ಒಂದೇ ಮಳೆಯಲ್ಲಿ ನೆನೆಯುತ್ತವೆ ಮತ್ತು ಎರಡರ ಪರಿಣಾಮವೂ ಕೊನೆಗೆ ಒಂದೇ ಹಳ್ಳದಲ್ಲಿ ಹರಿಯುತ್ತದೆ. ಆದ್ದರಿಂದ ಈ ಹೋಲಿಕೆ ಅಗತ್ಯವಾಗಿದೆ.

ಮಲೆನಾಡಿನಲ್ಲಿ ‘ತೋಟ’ ಎಂಬ ಮಾತಿನ ಹರವು ದೊಡ್ಡದು. ಕಾಫಿ, ಅಡಿಕೆ, ಏಲಕ್ಕಿ, ಮೆಣಸು, ಮನೆಯಂಗಳದ ಹೂಗಿಡ, ತಗ್ಗಿನಲ್ಲಿರುವ ಕೆರೆ, ಕೆರೆಯ ಕೋಡಿಯಿಂದ ಇಳಿಯುವ ತೋಡು, ಇವೆಲ್ಲವೂ ಅದರೊಳಗೆ ಸೇರಿವೆ. ತಲೆಯ ಮೇಲಿನ ನೆರಳು ಬದಲಾದರೆ ಬುಡದ ಮಣ್ಣು ಬದಲಾಗುತ್ತದೆ. ಮಣ್ಣು ಬದಲಾದರೆ ಕೆರೆಯ ನೀರು ಬದಲಾಗುತ್ತದೆ. ಮರದ ಆಯ್ಕೆಯನ್ನೂ ಜಲಸಸ್ಯದ ಆಯ್ಕೆಯನ್ನೂ ಬೇರೆ ಬೇರೆ ವಿಷಯಗಳೆಂದು ಭಾವಿಸುವುದರಿಂದಲೇ ಅನೇಕ ತಪ್ಪುಗಳು ಹುಟ್ಟುತ್ತವೆ.

ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್. ಸಸ್ಯಶಾಸ್ತ್ರದಲ್ಲಿ ಇದು ಗ್ರೆವಿಲಿಯ ರೊಬಸ್ಟಾ; ಪ್ರೋಟಿಯೇಸಿ ಕುಟುಂಬಕ್ಕೆ ಸೇರಿದ್ದು. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತ್ಯಗಳು ಇದರ ತವರು. 19ನೇ ಶತಮಾನದಲ್ಲಿ ಬ್ರಿಟಿಷ್ ತೋಟಗಾರರ ಜೊತೆ ದಕ್ಷಿಣ ಭಾರತದ ಬೆಟ್ಟಗಳಿಗೆ ಬಂದ ಈ ಮರ ಮೊದಲು ಚಹಾ ತೋಟಗಳಲ್ಲಿ, ಆಮೇಲೆ ಕಾಫಿ ತೋಟಗಳಲ್ಲಿ ನೆಲೆಯೂರಿತು. ಜಲಸಸ್ಯದ ಕಥೆಯೂ ಇದೇ ಬಗೆಯದು. ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನದ ಸಸ್ಯ. ಐಕಾರ್ನಿಯ ಕ್ರಾಸಿಪೆಸ್ ಎಂದು ಬಹುಕಾಲ ಕರೆಯಲಾಗುತ್ತಿದ್ದ ಇದಕ್ಕೆ ಈಗ ಪಾಂಟೆಡೇರಿಯ ಕ್ರಾಸಿಪೆಸ್ ಎಂಬ ಹೆಸರಿದೆ. 19ನೇ ಶತಮಾನದ ಕೊನೆಗೆ ಹೂವಿನ ಚೆಲುವಿಗಾಗಿ ಬಂಗಾಳಕ್ಕೆ ಬಂದ ಈ ಸಸ್ಯ ಕೆಲವೇ ದಶಕಗಳಲ್ಲಿ ಅಲ್ಲಿನ ಜಲಮಾರ್ಗಗಳನ್ನೂ ಭತ್ತದ ಗದ್ದೆಗಳನ್ನೂ ಮುಚ್ಚಿಹಾಕಿತು. ಅದನ್ನು ನಿಯಂತ್ರಿಸಲು 1936ರಲ್ಲಿ ಬಂಗಾಳ ಸರ್ಕಾರ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಕನ್ನಡದ ಪತ್ರಿಕೆಗಳು ಇದನ್ನು ‘ಅಂತರಗಂಗೆ’ ಎಂದು ಬರೆಯುವುದುಂಟು. ಅಂತರಗಂಗೆ ಎಂಬ ಹಳೆಯ ಹೆಸರು ನಿಜವಾಗಿ ಸಲ್ಲುವುದು ಎಲೆಕೋಸಿನ ಸಣ್ಣ ಗೆಡ್ಡೆಯಂತೆ ನೀರ ಮೇಲೆ ತೇಲುವ ಪಿಸ್ಟಿಯ ಸಸ್ಯಕ್ಕೆ.

ಎರಡೂ ಹೊರಗಿನಿಂದ ಬಂದವು ಎಂಬ ಕಾರಣಕ್ಕೆ ಎರಡನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ವಿವೇಕವಲ್ಲ. ಮಲೆನಾಡಿನ ಬದುಕಿಗೆ ಆಧಾರವಾಗಿರುವ ಕಾಫಿಯೇ ಹೊರಗಿನಿಂದ ಬಂದದ್ದು. ಬಾಬಾಬುಡನ್ ಗಿರಿಯ ಐತಿಹ್ಯ ಅದನ್ನೇ ಹೇಳುತ್ತದೆ. ಮೆಣಸಿನಕಾಯಿ, ಗೋಡಂಬಿ, ಅನಾನಸುಗಳೂ ಹೊರಗಿನವೇ. ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ಸಸ್ಯ ತೋಟಕ್ಕೆ ಏನನ್ನು ಕೊಡುತ್ತದೆ? ಏನನ್ನು ಕಿತ್ತುಕೊಳ್ಳುತ್ತದೆ? ಬೇಡವೆನಿಸಿದ ದಿನ ಅದನ್ನು ಹಿಂದಕ್ಕೆ ಪಡೆಯಲು ಸಾಧ್ಯವೇ? ಅದರ ಕೆಡುಕು ಬೇಲಿಯೊಳಗೇ ಉಳಿಯುತ್ತದೆಯೇ, ನೆರೆಯವರ ಮನೆಬಾಗಿಲಿಗೂ ಹೋಗುತ್ತದೆಯೇ?

ಮೊದಲು ಮರದ ವಿಚಾರ. ಸಿಲ್ವರ್ ಓಕ್ ಬೆಳೆಗಾರನಿಗೆ ಪ್ರಿಯವಾಗಿರುವುದು ಮೂರ್ಖತನದಿಂದಲ್ಲ. ಅದು ಬೇಗ ಬೆಳೆಯುತ್ತದೆ, ನೇರವಾಗಿ ಏರುತ್ತದೆ, ಅಡ್ಡ ಕೊಂಬೆಗಳ ಕಾಟ ಕಡಿಮೆ, ಮರಗಸಿಯನ್ನು ತಾಳಿಕೊಳ್ಳುತ್ತದೆ. ಒರಟು ತೊಗಟೆಗೆ ಮೆಣಸಿನ ಬಳ್ಳಿ ಚೆನ್ನಾಗಿ ಅಂಟಿಕೊಳ್ಳುತ್ತದೆ. ರಂಜಕ ಕಡಿಮೆಯಿರುವ ಮಣ್ಣಿನಲ್ಲಿಯೂ ಅದು ಸೊಂಪಾಗಿ ಬೆಳೆಯಬಲ್ಲದು. ಗೊಂಚಲುಗೊಂಚಲಾಗಿ ಹೊಮ್ಮುವ ಅದರ ಸಣ್ಣ ಬೇರುಗಳು ಬೇರೆ ಮರಗಳಿಗೆ ದಕ್ಕದ ರಂಜಕವನ್ನು ಕರಗಿಸಿ ಹೀರಿಕೊಳ್ಳುತ್ತವೆ. ಕಾಫಿಗೂ ಮೆಣಸಿಗೂ ಬೆಲೆ ಬಿದ್ದ ವರ್ಷ ನಾಲ್ಕು ಮರ ಕಡಿದು ಪ್ಲೈವುಡ್ ಕಾರ್ಖಾನೆಗೆ ಮಾರಿದರೆ ಮಗಳ ಮದುವೆಯೋ ಮಗನ ಕಾಲೇಜು ಶುಲ್ಕವೋ ನಡೆದುಹೋಗುತ್ತದೆ. ಸಣ್ಣ ಹಿಡುವಳಿದಾರನ ಪಾಲಿಗೆ ಅದು ನಿಂತಿರುವ ಉಳಿತಾಯ ಖಾತೆ.

ಈ ಒಲವಿಗೆ ಕಾನೂನಿನ ಒತ್ತಾಸೆಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯಲು ಅನುಮತಿ ಬೇಕು. ಆದರೆ ವಿನಾಯಿತಿ ಪಡೆದ ಜಾತಿಗಳ ಪಟ್ಟಿಯಲ್ಲಿ ನೀಲಗಿರಿ, ಕ್ಯಾಸುರಿನಾಗಳ ಜೊತೆಗೆ ಸಿಲ್ವರ್ ಓಕ್ ಕೂಡ ಇದೆ. ಬೀಟೆ, ಹೊನ್ನೆ, ನಂದಿ, ಮತ್ತಿಗಳನ್ನು ಬೆಳೆಸಿದವನು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕೊಡಗಿನ ಕೆಲವು ಬಗೆಯ ಬಾಣೆ ಹಿಡುವಳಿಗಳಲ್ಲಂತೂ ನೆಲ ರೈತನದಾದರೂ ಅದರ ಮೇಲಿನ ಕಾಡುಮರಗಳ ಹಕ್ಕು ಸರ್ಕಾರದ್ದು. ತಾನೇ ಸಾಕಿದ ಮರ ತನ್ನದಲ್ಲವೆಂದಾದಾಗ ಅದನ್ನು ಸಾಕುವ ಮನಸ್ಸು ಯಾರಿಗೆ ಬಂದೀತು? ತಾನಾಗಿ ಹುಟ್ಟಿದ ನಂದಿಯ ಸಸಿಯನ್ನು ಕಳೆಯ ಜೊತೆ ಸವರಿಹಾಕಿ ಆ ಜಾಗದಲ್ಲಿ ಸಿಲ್ವರ್ ನೆಡುವ ಬೆಳೆಗಾರ, ಕಾನೂನು ಕಲಿಸಿದ ಪಾಠವನ್ನೇ ಪಾಲಿಸುತ್ತಿದ್ದಾನೆ.

ಹೀಗೆ ಒಂದೊಂದಾಗಿ ನೆಟ್ಟ ಮರಗಳು ಮೂವತ್ತು ವರ್ಷಗಳಲ್ಲಿ ತೋಟದ ಮುಖವನ್ನೇ ಬದಲಿಸಿವೆ. ಮಲೆನಾಡಿನ ಹಳೆಯ ಕಾಫಿ ತೋಟದಲ್ಲಿ ನೆರಳು ಎರಡು ಅಂತಸ್ತಿನದಾಗಿತ್ತು. ಕೆಳಗೆ ಹಾಲವಾಣ, ಮೇಲೆ ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಬೀಟೆ, ಬೈನೆ. ಹಾಲವಾಣ ದ್ವಿದಳ ಜಾತಿಯ ಮರ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುತ್ತದೆ, ಅದರ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಆಲದ ಬಳಗದ ಮರಗಳು ಬೇರೆಲ್ಲ ಹಣ್ಣು ಮುಗಿದ ಕಾಲದಲ್ಲಿಯೂ ಫಲ ಕೊಟ್ಟು ಮಂಗಟ್ಟೆ, ಹಸಿರು ಪಾರಿವಾಳ, ಕುಟುರ, ಬಾವಲಿ, ಅಳಿಲುಗಳನ್ನು ಸಾಕುತ್ತವೆ. ಆ ಜೀವಿಗಳೇ ಕಾಡಿನ ಬೀಜವನ್ನು ತೋಟಕ್ಕೂ ತೋಟದ ಬೀಜವನ್ನು ಕಾಡಿಗೂ ಸಾಗಿಸುತ್ತವೆ. ಸಿಲ್ವರ್ ಓಕ್ ಈ ಕೆಲಸಗಳಲ್ಲಿ ಹೆಚ್ಚಿನದನ್ನು ಮಾಡಲಾರದು. ಅದರ ಕಿತ್ತಳೆ ಬಣ್ಣದ ಹೂವಿಗೆ ಜೇನ್ನೊಣವೂ ಸೂರಕ್ಕಿಯೂ ಬರುವುದು ನಿಜ. ಆದರೆ ತಿನ್ನಲು ಹಣ್ಣಿಲ್ಲ. ಗೂಡಿಗೆ ಒದಗುವ ದೊಡ್ಡ ಪೊಟರೆಯಾಗುವಷ್ಟು ವಯಸ್ಸಾಗುವ ಮೊದಲೇ ಮರ ಕಾರ್ಖಾನೆ ಸೇರಿರುತ್ತದೆ. ಪಶ್ಚಿಮಘಟ್ಟದ ಕಾಫಿ ತೋಟಗಳಲ್ಲಿ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳಿರುವುದು ಇದನ್ನೇ: ನಾಡಮರಗಳ ನೆರಳು ಉಳಿದಿರುವಲ್ಲಿ ಕಾಡುಹಕ್ಕಿಗಳು ಉಳಿದಿವೆ, ನೆರಳು ಒಂದೇ ಜಾತಿಯದಾದಲ್ಲಿ ಅವು ತೆರಳಿವೆ.

ಹಕ್ಕಿಗಳ ಮಾತು ಬೆಳೆಗಾರನಿಗೆ ದೂರದ್ದೆನಿಸಿದರೆ, ಹತ್ತಿರದ ಲೆಕ್ಕವೂ ಇದೆ. ಅರೇಬಿಕಾ ಕಾಫಿಯ ಪರಮವೈರಿಯಾದ ಬಿಳಿ ಕಾಂಡಕೊರಕದ ದುಂಬಿ ಬಿಸಿಲಿನಲ್ಲಿ ಚುರುಕಾಗುವ ಜೀವಿ. ಬಿಸಿಲು ಬಿದ್ದು ಕಾದ ಕಾಂಡವನ್ನೇ ಅದು ಮೊಟ್ಟೆಯಿಡಲು ಆರಿಸಿಕೊಳ್ಳುತ್ತದೆ. ಸಿಲ್ವರ್ ಓಕಿನ ಸೀಳುಸೀಳಾದ ಎಲೆಗಳ ಹಂದರದಿಂದ ಬೀಳುವ ನೆರಳು ತೆಳು. ನೀರಾವರಿ ಮಾಡಿ, ಗೊಬ್ಬರ ಹಾಕಿ, ಹೆಚ್ಚು ಇಳುವರಿ ತೆಗೆಯುವ ರೊಬಸ್ಟಾ ಬೆಳೆಗಾರನಿಗೆ ಅದು ಅನುಕೂಲವೆನಿಸಬಹುದು, ಅರೇಬಿಕಾದವನಿಗೆ ಅಪಾಯ. ಉದುರಿದ ಎಲೆಯೂ ಹಾಲವಾಣದ ಎಲೆಯಂತೆ ಬೇಗ ಮಣ್ಣಾಗುವುದಿಲ್ಲ. ತೆಳು ನೆರಳಿನಲ್ಲಿ ನೆಲ ಬೇಗ ಒಣಗುತ್ತದೆ, ಕಳೆ ಹೆಚ್ಚುತ್ತದೆ, ಹೂಮಳೆ ತಡವಾದ ವರ್ಷ ತುಂತುರು ನೀರಾವರಿಯ ಪಂಪು ಹೆಚ್ಚು ಗಂಟೆ ಓಡಬೇಕಾಗುತ್ತದೆ. ಮೇಲಿನಿಂದ ಉಚಿತವಾಗಿ ಬೀಳುತ್ತಿದ್ದ ಎಲೆಗೊಬ್ಬರದ ಜಾಗವನ್ನು ಚೀಲದ ಗೊಬ್ಬರ ತುಂಬಬೇಕಾಗುತ್ತದೆ.

ಮರದ ಕಥೆ ನೀರಿನ ಕಥೆಯನ್ನು ಸೇರುವುದು ಇಲ್ಲಿಯೇ. ಇಳಿಜಾರಿನ ತೋಟಕ್ಕೆ ಹಾಕಿದ ರಸಗೊಬ್ಬರದ ಒಂದು ಪಾಲು ಜೂನ್-ಜುಲೈ ಮಳೆಯಲ್ಲಿ ತೊಳೆದುಹೋಗಿ ತಗ್ಗಿನ ಕೆರೆ ಸೇರುತ್ತದೆ. ಕೊಯ್ಲಿನ ಕಾಲದಲ್ಲಿ ಪಲ್ಪರ್ ಮನೆಯ ಹುಳಿನೀರನ್ನು ಗುಂಡಿಯಲ್ಲಿ ತಡೆಯದೆ ಬಿಟ್ಟರೆ ಅದೂ ಅಲ್ಲಿಗೇ ಇಳಿಯುತ್ತದೆ. ಸಾರಜನಕ, ರಂಜಕಗಳಿಂದ ದಪ್ಪಗಾದ ನೀರು ಜಲಕಳೆಗೆ ಮೃಷ್ಟಾನ್ನ. ಅಂಥ ಕೊಳಕ್ಕೆ ಯಾರೋ ಅಂದಕ್ಕಾಗಿ ತಂದು ಬಿಟ್ಟ ಒಂದೇ ವಾಟರ್ ಹಯಸಿಂತ್ ಗಿಡ ಸಾಕು. ಅನುಕೂಲಕರ ಹವೆಯಲ್ಲಿ ಸುಮಾರು ಎರಡು ವಾರಕ್ಕೆ ಅದು ಇಮ್ಮಡಿಯಾಗಬಲ್ಲದು. ಬುಡದಿಂದ ನಾಲ್ಕೂ ಕಡೆಗೆ ಹಂಬು ಚಾಚಿ, ಹಂಬಿನ ತುದಿಯಲ್ಲಿ ಮರಿಗಿಡವಿಟ್ಟು, ಒಂದು ಚಾಪೆಯಂತೆ ನೀರನ್ನು ಹೊದೆದುಬಿಡುತ್ತದೆ.

ಆ ಚಾಪೆಯ ಕೆಳಗೆ ಬೆಳಕು ಬೀಳುವುದಿಲ್ಲ. ಬೆಳಕಿಲ್ಲದೆ ಪಾಚಿಯೂ ಮುಳುಗುಸಸ್ಯವೂ ಸಾಯುತ್ತವೆ, ಕೊಳೆಯುವ ಎಲೆ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಮೀನು ತೇಲುತ್ತದೆ, ಸೊಳ್ಳೆಗೆ ಆಸರೆ ಸಿಗುತ್ತದೆ. ತೆರೆದ ನೀರಿನಿಂದ ಆವಿಯಾಗುವುದಕ್ಕಿಂತ ಹೆಚ್ಚು ನೀರನ್ನು ಆ ದಪ್ಪ ಎಲೆಗಳು ಗಾಳಿಗೆ ಬಿಡುತ್ತವೆ. ಫೆಬ್ರವರಿಯಲ್ಲಿ ಹೂಮಳೆಗೆ ಬದಲಾಗಿ ನೀರು ಕೊಡಲೆಂದು ತೋಡಿಸಿದ ಕೆರೆ, ಅದೇ ಫೆಬ್ರವರಿಯ ಹೊತ್ತಿಗೆ ಪಂಪಿನ ಬಾಯಿಗೆ ಬೇರು ಸಿಕ್ಕಿ ಕೈಕೊಡುತ್ತದೆ.

‘ಈ ಸಸ್ಯ ನೀರನ್ನು ಶುದ್ಧಗೊಳಿಸುತ್ತದಲ್ಲ’ ಎಂಬ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ವಾಟರ್ ಹಯಸಿಂತ್ ನೀರಿನಿಂದ ಪೋಷಕಾಂಶಗಳನ್ನೂ ಕೆಲವು ಭಾರಲೋಹಗಳನ್ನೂ ಹೀರಿಕೊಳ್ಳುತ್ತದೆ. ಆದರೆ ಹೀರಿದ್ದು ಗಿಡದೊಳಗೇ ಇರುತ್ತದೆ. ಕಾಲಕಾಲಕ್ಕೆ ಗಿಡವನ್ನು ಎತ್ತಿ ಹೊರಗೆ ಹಾಕಿದರೆ ಮಾತ್ರ ಅದು ನೀರಿನಿಂದ ಹೊರಹೋದಂತೆ. ಬಿಟ್ಟರೆ ಅಲ್ಲಿಯೇ ಕೊಳೆತು ಎಲ್ಲವೂ ನೀರಿಗೇ ಮರಳುತ್ತದೆ. ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ, ಕಾವಲಿನೊಳಗೆ ಬೆಳೆಸುವುದು ಒಂದು ಮಾತು. ಹಳ್ಳಕ್ಕೆ ಕೋಡಿಯಿರುವ ತೋಟದ ಕೆರೆಗೆ ಬಿಡುವುದು ಇನ್ನೊಂದು.

ಬೆಂಗಳೂರಿನ ಅನುಭವ ಇಲ್ಲಿ ಪಾಠವಾಗಬೇಕು. 1980ರ ದಶಕದಲ್ಲಿ ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯನ್ನಷ್ಟೇ ತಿನ್ನುವ ನಿಯೋಕೆಟಿನ ಎಂಬ ಮೂತಿಹುಳಗಳನ್ನು ತರಿಸಿ, ಪರೀಕ್ಷಿಸಿ, ಕೆರೆಗಳಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಹಲವು ಕೆರೆಗಳ ಕಳೆ ತಗ್ಗಿತು. ಜೈವಿಕ ನಿಯಂತ್ರಣದ ಇತಿಹಾಸದಲ್ಲಿ ಅದೊಂದು ಹೆಮ್ಮೆಯ ಅಧ್ಯಾಯ. ಆದರೆ ಕೊಳಚೆ ನೀರಿನ ಹರಿವು ನಿಲ್ಲದ ಬೆಳ್ಳಂದೂರು ಕೆರೆ 2010ರ ದಶಕದಲ್ಲಿ ಮತ್ತೆ ಇದೇ ಕಳೆಯನ್ನು ಹೊದ್ದು, ನೊರೆಯಿಂದಲೂ ಬೆಂಕಿಯಿಂದಲೂ ದೇಶದ ಸುದ್ದಿಯಾಯಿತು. ಉಣಿಸುವ ಕೈ ನಿಲ್ಲದಿದ್ದರೆ ತಿನ್ನುವ ಹುಳ ಎಷ್ಟೆಂದು ತಿಂದೀತು?

ಈಗ ಎರಡನ್ನೂ ತಕ್ಕಡಿಯಲ್ಲಿ ಇಡಬಹುದು. ಸಿಲ್ವರ್ ಓಕ್ ಆದಾಯ ಕೊಡುತ್ತದೆ, ತೆಳು ನೆರಳು ಕೊಡುತ್ತದೆ, ಬಳ್ಳಿಗೆ ಆಸರೆ ಕೊಡುತ್ತದೆ. ಮಿತಿಮೀರಿದಾಗ ವೈವಿಧ್ಯವನ್ನೂ ಮಣ್ಣಿನ ತೇವವನ್ನೂ ಕಸಿದುಕೊಳ್ಳುತ್ತದೆ. ಆದರೆ ಅದು ಬಹುಮಟ್ಟಿಗೆ ನೆಟ್ಟಲ್ಲೇ ನಿಲ್ಲುವ ಮರ. ಎಣಿಸಬಹುದು, ಕಡಿಯಬಹುದು, ಬದಲಿಸಬಹುದು. ಅದರ ಹಾನಿ ನಿಧಾನದ್ದು ಮತ್ತು ಹೆಚ್ಚಾಗಿ ನೆಟ್ಟವನ ಬೇಲಿಯೊಳಗಿನದು. ವಾಟರ್ ಹಯಸಿಂತ್ ಕೊಡುವುದು ಕೆಲವು ದಿನದ ಹೂವನ್ನು, ಕಸಿದುಕೊಳ್ಳುವುದು ಕೆರೆಯನ್ನು. ಅದರ ಬೀಜ ಕೆಸರಿನಲ್ಲಿ ಹದಿನೈದಿಪ್ಪತ್ತು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಒಮ್ಮೆ ಬೀಜ ಕಟ್ಟಿದ ಮೇಲೆ, ಗಿಡವನ್ನು ತಂದವನು ಅದನ್ನು ಪೂರ್ತಿ ಹಿಂದಕ್ಕೆ ಪಡೆಯಲಾರ. ಆಷಾಢದ ಮಳೆಗೆ ಕೆರೆ ಕೋಡಿ ಬಿದ್ದಾಗ ತೋಟದ ಅಂದವು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೋ ತುಂಗೆಗೋ ಕಾವೇರಿಗೋ, ಅಲ್ಲಿಂದ ಬಯಲುಸೀಮೆಯ ನಾಲೆಗಳಿಗೆ ಹೊರಟುಬಿಡುತ್ತದೆ. ಅದರ ದಂಡವನ್ನು ತೆರುವವರು ಆ ಹೂವನ್ನು ಎಂದೂ ನೋಡಿ ಸಂತೋಷಪಡದ ಜನ.

ಆದ್ದರಿಂದ ತೀರ್ಪು ಎರಡಕ್ಕೂ ಒಂದೇ ಆಗಲಾರದು. ಜಲಸಸ್ಯಕ್ಕೆ ತೋಟದೊಳಗೆ ಪ್ರವೇಶವೇ ಸಲ್ಲದು. ಮರಕ್ಕೆ ಪ್ರವೇಶವಿರಲಿ, ಯಜಮಾನಿಕೆ ಬೇಡ.

ಆದರೆ ಇಲ್ಲಿ ಪರಿಸರ ಬಳಗಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ‘ಕಿತ್ತಿಕೋ-ಹಚ್ಚಿಕೋ’ ಎಂದು ಸಾಮೂಹಿಕ ಭೂಮಿಯ ನೀಲಗಿರಿಯನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಂಪನಿಯ ಏಕಜಾತಿ ನೆಡುತೋಪನ್ನು ವಿರೋಧಿಸಿದ ಆ ವಿವೇಕ ಮಲೆನಾಡಿನ ಚಳವಳಿಗಳಿಗೆಲ್ಲ ದಾರಿದೀಪವಾಯಿತು. ಜಲಕಳೆ ತುಂಬಿದ ಕೆರೆಯ ದಡದಲ್ಲಿ ಶ್ರಮದಾನಕ್ಕೆ ಜನ ಸೇರುತ್ತಾರೆ, ಭಾಷಣವಾಗುತ್ತದೆ, ಚಿತ್ರ ಪತ್ರಿಕೆಗೆ ಹೋಗುತ್ತದೆ. ಅದೇ ಜನ ಮರುದಿನ ತಮ್ಮ ತೋಟದ ಅತ್ತಿ, ಗೋಣಿಗಳ ಖಾಲಿ ಜಾಗಕ್ಕೆ ನೂರು ಸಿಲ್ವರ್ ಸಸಿ ನೆಡುವಾಗ ಯಾರೂ ಮಾತನಾಡುವುದಿಲ್ಲ. ಕಣ್ಣಿಗೆ ಕುಕ್ಕುವ ಕಳೆಯನ್ನು ದ್ವೇಷಿಸುವುದು ಸುಲಭ. ಸ್ವಂತ ಕೈಯಿಂದ ನೆಟ್ಟು, ಸ್ವಂತ ಆದಾಯದ ಲೆಕ್ಕದಲ್ಲಿ ಬರೆದುಕೊಂಡ ಏಕತಾನತೆಯನ್ನು ಕಾಣುವುದು ಕಷ್ಟ. ಸರ್ಕಾರಿ ಜಾಗದಲ್ಲಿ ಸಲ್ಲದ ಏಕಜಾತಿ ತೋಪು ಸ್ವಂತ ಜಾಗದಲ್ಲಿ ಸಲ್ಲುವುದು ಹೇಗೆ?

ಪರಿಹಾರವು ಉಪದೇಶದಿಂದ ಬರಲಾರದು; ಕೆಲಸದಿಂದ ಬರಬೇಕು. ನಿಂತಿರುವ ಸಿಲ್ವರ್ ಮರಗಳನ್ನೆಲ್ಲ ಒಮ್ಮೆಗೇ ಕಡಿಯಿರೆಂದು ಹೇಳುವುದು ಅವಿವೇಕ. ನೆರಳಿಲ್ಲದ ಕಾಫಿ ಎರಡೇ ಬೇಸಿಗೆಗೆ ಕಾಂಡಕೊರಕದ ಪಾಲಾಗುತ್ತದೆ. ಮಾರಲೆಂದು ಕಡಿಯುವ ಪ್ರತಿ ಸಿಲ್ವರ್ ಮರದ ಜಾಗಕ್ಕೆ ಒಂದು ನಾಡಮರ ಬರಲಿ. ಅದಕ್ಕೆ ಹಣ ಸುರಿಯಬೇಕಾಗಿಲ್ಲ. ಅತ್ತಿ, ಬಸರಿ, ಗೋಣಿಗಳ ದಪ್ಪ ಕೊಂಬೆಯನ್ನು ಗೂಟವಾಗಿ ಕಡಿದು ಮುಂಗಾರಿನ ಆರಂಭದಲ್ಲಿ ನೆಟ್ಟರೆ ಬೇರೂರುತ್ತದೆ. ಹಾಲವಾಣದ ಗೂಟ ನೆಡುವುದು ಮಲೆನಾಡಿಗೆ ಹೊಸ ವಿದ್ಯೆಯಲ್ಲ. 2000ದ ದಶಕದ ಮಧ್ಯಭಾಗದಿಂದ ಗಂಟುಕಣಜದ ಕಾಟ ಅದನ್ನು ಕಾಡಿರುವುದರಿಂದ ಅದೊಂದನ್ನೇ ನಂಬದೆ ಇತರ ಜಾತಿಗಳನ್ನೂ ಬೆರೆಸುವುದು ಜಾಣತನ. ಎಲ್ಲಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ. ಕಳೆ ಸವರುವ ಮೊದಲು ತೋಟವನ್ನೊಮ್ಮೆ ಸುತ್ತಿ, ಹಕ್ಕಿಗಳು ಬಿತ್ತಿಹೋದ ಸಸಿಗಳ ಪಕ್ಕದಲ್ಲಿ ಒಂದೊಂದು ಕೋಲು ನೆಟ್ಟು, ಆ ಕೋಲಿನ ಸುತ್ತ ಕತ್ತಿ ಆಡಬಾರದೆಂದು ಕೆಲಸದವರಿಗೆ ಹೇಳುವುದು. ಪ್ರತಿವರ್ಷ ಎರಡು ಸಲ ಕತ್ತಿಗೆ ಬಲಿಯಾಗುವ ಈ ಸಸಿಗಳಲ್ಲಿ ಕೆಲವಾದರೂ ಬದುಕಿದರೆ, ಮುಂದಿನ ತಲೆಮಾರಿನ ನೆರಳು ಖರ್ಚಿಲ್ಲದೆ ಸಿದ್ಧವಾಗುತ್ತದೆ.

ನೀರಿನ ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್-ಮೇ. ಆಗ ಕೆರೆಯ ನೀರು ಇಳಿದಿರುತ್ತದೆ, ಕೋಡಿ ಹರಿಯುತ್ತಿರುವುದಿಲ್ಲ. ಹೂವಾಗುವ ಮೊದಲೇ ಗಿಡವನ್ನು ಬೇರು, ಹಂಬು ಸಮೇತ ಎತ್ತಿ, ನೀರಿನಿಂದ ದೂರ ಒಯ್ದು ಒಣಗಿಸಬೇಕು. ತುಂಡೊಂದು ಉಳಿದರೂ ಮತ್ತೆ ಚಿಗುರುತ್ತದೆ. ಒಣಗಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದು, ಅದರಲ್ಲಿ ಪೊಟ್ಯಾಶ್ ಚೆನ್ನಾಗಿರುತ್ತದೆ. ಪಟ್ಟಣದ ಕೊಳಚೆಯೋ ಕಾರ್ಖಾನೆಯ ನೀರೋ ಸೇರುವ ಕೆರೆಯದಾದರೆ ಭಾರಲೋಹದ ಭಯದಿಂದ ತೋಟಕ್ಕೆ ತರದಿರುವುದು ಲೇಸು. ಕಳೆನಾಶಕ ಸಿಂಪಡಿಸುವ ಸುಲಭದ ದಾರಿ ಹಿಡಿದರೆ ಸತ್ತ ರಾಶಿ ಅಲ್ಲಿಯೇ ಕೊಳೆತು ಮೀನನ್ನೂ ಕೊಲ್ಲುತ್ತದೆ, ಕುಡಿಯುವ ನೀರನ್ನೂ ಕೆಡಿಸುತ್ತದೆ. ಕೊಳಕ್ಕೆ ಹೂವು ಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ತಾವರೆಯಿದೆ, ನೈದಿಲೆಯಿದೆ. ಇವು ಕೆಸರಿನಲ್ಲಿ ಬೇರೂರುವ ಗಿಡಗಳಾದ್ದರಿಂದ ತೇಲಿಕೊಂಡು ನೆರೆಯವರ ಹಳ್ಳಕ್ಕೆ ಹೋಗುವುದಿಲ್ಲ; ಚಿಕ್ಕ ಕೊಳದಲ್ಲಿ ಕುಂಡದೊಳಗೆ ನೆಟ್ಟರೆ ಹದ್ದಿನಲ್ಲಿಯೂ ಇರುತ್ತವೆ.

ಸರ್ಕಾರ ಮಾಡಬೇಕಾದದ್ದೂ ಇದೆ. ರೈತ ತಾನೇ ನೆಟ್ಟು ದಾಖಲಿಸಿದ ನಾಡಮರದ ಮೇಲೆ ಅವನಿಗೆ ಸಂಶಯಾತೀತ ಹಕ್ಕು ಸಿಗಬೇಕು. ಈ ಮಾತನ್ನು ನೆಪವಾಗಿಸಿಕೊಂಡು ತಲೆಮಾರುಗಳಿಂದ ನಿಂತಿರುವ ಹಳೆಯ ಮರಗಳ ಮೇಲೆ ಕೊಡಲಿ ಬೀಳಲು ಅವಕಾಶವಾಗಬಾರದು. ಹೊಸದಾಗಿ ನೆಟ್ಟದ್ದಕ್ಕೂ ಹಿಂದಿನಿಂದ ಇದ್ದದ್ದಕ್ಕೂ ನಿಯಮ ಬೇರೆಯಾಗಿರಬೇಕು. ಹೊರಗಿನ ಮರಕ್ಕೆ ಸ್ವಾತಂತ್ರ್ಯ, ನಾಡಮರಕ್ಕೆ ಸಂಕೋಲೆ ಎಂಬ ಈಗಿನ ಸ್ಥಿತಿ ಮುಂದುವರಿದರೆ ಯಾವ ವನಮಹೋತ್ಸವವೂ ತೋಟದ ನೆರಳನ್ನು ಉಳಿಸಲಾರದು. ಇತ್ತ ಅಲಂಕಾರದ ಹೆಸರಿನಲ್ಲಿ ವಾಟರ್ ಹಯಸಿಂತ್ ಮಾರುವ ನರ್ಸರಿಗಳಿಗೆ ಅದರ ಬದಲು ನೈದಿಲೆಯ ಗೆಡ್ಡೆ ಇಡಿರೆಂದು ಗ್ರಾಹಕರೇ ಒತ್ತಾಯಿಸಬೇಕು. ಕೊಳ್ಳುವವರಿಲ್ಲದ ಸರಕನ್ನು ಯಾವ ಅಂಗಡಿಯೂ ಇಡುವುದಿಲ್ಲ.

ಮುಂಗಾರು ಬರಲು ಹೆಚ್ಚು ದಿನಗಳಿಲ್ಲ. ಪ್ರತಿ ಊರಿನ ಬಳಗವೂ ಅಷ್ಟರೊಳಗೆ ಎರಡು ಪಟ್ಟಿಗಳನ್ನು ಮಾಡಲಿ: ಊರಿನ ಕೆರೆಕೊಳಗಳಲ್ಲಿ ಜಲಕಳೆ ಇರುವುದು ಎಲ್ಲೆಲ್ಲಿ ಎಂಬುದು ಒಂದು, ಗೂಟ ಕೊಡಬಲ್ಲ ಅತ್ತಿ, ಬಸರಿ, ಗೋಣಿ, ಹಾಲವಾಣದ ಮರಗಳು ಯಾರ್ಯಾರ ತೋಟದಲ್ಲಿವೆ ಎಂಬುದು ಇನ್ನೊಂದು. ಮೊದಲನೆಯ ಪಟ್ಟಿ ಹಿಡಿದು ಕೋಡಿ ಬೀಳುವ ಮೊದಲು ಕೆರೆಗಿಳಿಯಬೇಕು. ಎರಡನೆಯದನ್ನು ಹಿಡಿದು ಮೊದಲ ಮಳೆಗೆ ತೋಟಕ್ಕಿಳಿಯಬೇಕು.